ಕುರ್ಚಿ ಯಾರದ್ದಾದರೂ ಇರಲಿ, ಖರೀದಿಗೆ ಸಹಿ ಯಾರದು?

ಪ್ರಶ್ನೆ: ದಾವಣಗೆರೆಯಲ್ಲಿ ಹದಿನಾರು ವರ್ಷಗಳ ಹಿಂದೆ ಒಂದು ರೆಡಿಮೇಡ್ ಬಟ್ಟೆ ಅಂಗಡಿ ಆರಂಭಿಸಿದೆ. ಈಗ ಹರಿಹರ, ರಾಣೆಬೆನ್ನೂರು, ಚಿತ್ರದುರ್ಗ ಸೇರಿ ಆರು ಮಳಿಗೆಗಳಾಗಿವೆ. ವರ್ಷದ ವಹಿವಾಟು ಸುಮಾರು 20 ಕೋಟಿ ರೂಪಾಯಿ. ಪ್ರೈವೇಟ್ ಲಿಮಿಟೆಡ್ ಕಂಪನಿ; ನಾನು ಮತ್ತು ನನ್ನ ಪತ್ನಿ ನಿರ್ದೇಶಕರು. ಬೆಂಗಳೂರಿನ ಹೂಡಿಕೆದಾರರೊಬ್ಬರು 5 ಕೋಟಿ ಹಾಕಲು ಮುಂದೆ ಬಂದಿದ್ದಾರೆ. ಮೂರು ವರ್ಷಗಳಲ್ಲಿ ಮಳಿಗೆಗಳು ಇಪ್ಪತ್ತಾಗಬೇಕು, ಹೊರಗಿನಿಂದ ವೃತ್ತಿಪರ ಸಿಇಒ ಒಬ್ಬರನ್ನು ತರಬೇಕು, ನಾನು ಅಧ್ಯಕ್ಷನಾಗಿ ಪಕ್ಕಕ್ಕೆ ಸರಿಯಬೇಕು ಎಂಬುದು ಅವರ ಷರತ್ತು. ಜಪಾನಿನ ಬಟ್ಟೆ ಮಳಿಗೆ ಸರಣಿ ಯೂನಿಕ್ಲೋ ಕಟ್ಟಿದ ತದಾಶಿ ಯನಾಯ್ ಎಪ್ಪತ್ತೈದು ದಾಟಿದ ಮೇಲೂ ಸಿಇಒ ಆಗಿಯೇ ಇದ್ದಾರಲ್ಲ, ನಾನೇಕೆ ಬಿಡಬೇಕು?

ಉತ್ತರ: ಬಿಡಬೇಡಿ, ಸದ್ಯಕ್ಕಂತೂ ಬೇಡ. ಆದರೆ ಯನಾಯ್ ಅವರನ್ನು ಸಾಕ್ಷಿಗೆ ಕರೆದರೆ ಈ ವಾದದಲ್ಲಿ ನೀವು ಗೆಲ್ಲುವುದು ಕಷ್ಟ. ಅವರ ಕಥೆಯನ್ನು ಪೂರ್ತಿ ಓದಿಕೊಂಡಿರುವ ಹೂಡಿಕೆದಾರರು ಅದನ್ನೇ ನಿಮ್ಮ ವಿರುದ್ಧ ತಿರುಗಿಸಬಲ್ಲರು. ಆದ್ದರಿಂದ ಆ ಕಥೆಯಿಂದಲೇ ಹೊರಡೋಣ.

ಯನಾಯ್ ಹುಟ್ಟಿದ್ದು 1949ರಲ್ಲಿ, ಜಪಾನಿನ ಯಮಗುಚಿ ಪ್ರಾಂತ್ಯದ ಉಬೆ ಎಂಬ ಕಲ್ಲಿದ್ದಲಿನ ಊರಿನಲ್ಲಿ. ತಂದೆಯದು ಗಂಡಸರ ಉಡುಪಿನ ಅಂಗಡಿ. ವಾಸೆಡಾ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸಿ, ಜಸ್ಕೊ ಎಂಬ ದೊಡ್ಡ ಅಂಗಡಿ ಸರಣಿಯಲ್ಲಿ ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟು, 1972ರಲ್ಲಿ ತಂದೆಯ ಅಂಗಡಿ ಸೇರಿದರು. ಪಟ್ಟಣದಲ್ಲಿ ಕಲಿತು ಬಂದ ಹುಡುಗನ ತಿದ್ದುಪಡಿಗಳನ್ನು ಸಹಿಸಲಾರದೆ ಹಳೆಯ ನೌಕರರಲ್ಲಿ ಒಬ್ಬರನ್ನುಳಿದು ಎಲ್ಲರೂ ಹೊರಟುಹೋದರು. ತಂದೆ ಬೈಯಲಿಲ್ಲ, ಕಂಪನಿಯ ಮೊಹರನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಮಗನ ಕೈಗಿಟ್ಟರು. ಮುಂದೆ ಖರೀದಿ, ಜೋಡಣೆ, ಮಾರಾಟ, ಲೆಕ್ಕ ಎಲ್ಲವನ್ನೂ ಮಗನೇ ಮಾಡಬೇಕಾಯಿತು. ಬಟ್ಟೆ ವ್ಯಾಪಾರದಲ್ಲಿ ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. 1984ರಲ್ಲಿ ಹಿರೋಶಿಮಾದಲ್ಲಿ ಮೊದಲ ಯೂನಿಕ್ಲೋ ಮಳಿಗೆ ಬೆಳಗಿನ ಆರು ಗಂಟೆಗೇ ಬಾಗಿಲು ತೆರೆಯಿತು. 1998ರಲ್ಲಿ ಟೋಕಿಯೊದ ಹರಾಜುಕು ಮಳಿಗೆ ಬಂತು. ಜೊತೆಗೆ 1,900 ಯೆನ್ ಬೆಲೆಯ, ಫ್ಲೀಸ್ ಎಂಬ ಬೆಚ್ಚನೆಯ ಬಟ್ಟೆಯ ಅಂಗಿ. 2000ದಲ್ಲಿ ಆ ಒಂದೇ ಬಗೆಯ ಅಂಗಿ ಸುಮಾರು 2.6 ಕೋಟಿ ಮಾರಾಟವಾಯಿತು, ಅಂದರೆ ಜಪಾನಿನ ಐದು ಜನರಿಗೆ ಒಂದರಂತೆ.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನಿಮಗೆ ಬೇಕಾದದ್ದು ಇದರ ಮುಂದಿನ ಭಾಗ. ಎಲ್ಲರ ಮನೆಯಲ್ಲೂ ಫ್ಲೀಸ್ ಆದ ಮೇಲೆ ಇನ್ನೊಂದನ್ನು ಕೊಳ್ಳುವವರು ಯಾರು? 2001ರಲ್ಲಿ ಸುಮಾರು 41,800 ಕೋಟಿ ಯೆನ್ ಇದ್ದ ಕಂಪನಿಯ ವಹಿವಾಟು 2003ರ ಹೊತ್ತಿಗೆ 31,000 ಕೋಟಿಯ ಆಸುಪಾಸಿಗೆ ಇಳಿಯಿತು. ಅದೇ ಕಾಲದಲ್ಲಿ ಲಂಡನ್ನಿಗೆ ಹೋಗಿ ಬ್ರಿಟನ್ನಿನಲ್ಲಿ 21 ಮಳಿಗೆ ತೆರೆದರು, 16ನ್ನು ಮುಚ್ಚಿದರು. ತರಕಾರಿ ಮಾರುವ ಕಂಪನಿಯೊಂದನ್ನೂ ಶುರು ಮಾಡಿ ಎರಡು ವರ್ಷದೊಳಗೆ ಬಾಗಿಲು ಹಾಕಿದರು. 2002ರಲ್ಲಿ ಯನಾಯ್ ಅಧ್ಯಕ್ಷ ಸ್ಥಾನಕ್ಕೆ ಸರಿದು, ಹೊರಗಿನಿಂದ ಬಂದಿದ್ದ ಗೆನಿಚಿ ತಮತ್ಸುಕಾ ಅವರಿಗೆ ಆಡಳಿತ ವಹಿಸಿದರು. ನಿಮ್ಮ ಹೂಡಿಕೆದಾರರು ಕೇಳುತ್ತಿರುವುದು ಇದನ್ನೇ. ತಮತ್ಸುಕಾ ಕಾಲದಲ್ಲಿ ವಹಿವಾಟು ಚೇತರಿಸಿಕೊಂಡಿತು. ಆದರೂ 2005ರಲ್ಲಿ ತಮತ್ಸುಕಾ ಅವರನ್ನು ಇಳಿಸಿ ಯನಾಯ್ ತಾವೇ ಮರಳಿದರು. ಬೆಳವಣಿಗೆಯ ವೇಗ ಯನಾಯ್ ಅವರಿಗೆ ಸಾಲದಾಗಿತ್ತು. ಅರವತ್ತೈದಕ್ಕೆ ನಿವೃತ್ತಿ ಎಂದು ಹೇಳಿದ್ದ ಮಾತನ್ನೂ ಮುಂದೆ ಹಿಂತೆಗೆದುಕೊಂಡರು. 2023ರಲ್ಲಿ ಯೂನಿಕ್ಲೋ ಕಂಪನಿಯ ಹೊಣೆಯನ್ನು ದೈಸುಕೆ ತ್ಸುಕಾಗೋಶಿ ಅವರಿಗೆ ಕೊಟ್ಟರೂ, ಮೂಲ ಕಂಪನಿ ಫಾಸ್ಟ್ ರಿಟೇಲಿಂಗ್‌ನ ಮುಖ್ಯ ಹುದ್ದೆಗಳನ್ನು ತಮ್ಮಲ್ಲೇ ಉಳಿಸಿಕೊಂಡರು. 2024ರ ಆಗಸ್ಟಿಗೆ ಮುಗಿದ ವರ್ಷದಲ್ಲಿ ಆ ಕಂಪನಿಯ ವಹಿವಾಟು 3 ಲಕ್ಷ ಕೋಟಿ ಯೆನ್ ದಾಟಿತು.

ಫಲ ಒಳ್ಳೆಯದಾಗಿದೆ, ಒಪ್ಪುತ್ತೇನೆ. ಆದರೆ ಒಬ್ಬರಿಗೆ ಕುರ್ಚಿ ಕೊಟ್ಟು ಹಿಂಬಾಗಿಲಿನಿಂದ ನೋಡುತ್ತ ನಿಂತು ಮೂರು ವರ್ಷಕ್ಕೆ ಕಿತ್ತುಕೊಳ್ಳುವುದನ್ನು ನಾನು ಮಾದರಿ ಎಂದು ಯಾರಿಗೂ ಹೇಳಲಾರೆ. ಯನಾಯ್ ಅವರಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಲಂಡನ್ನಿನ ಮಳಿಗೆಗಳು, ತರಕಾರಿ ವ್ಯಾಪಾರ, ಎರಡೂ ಅವರದೇ ಆಸೆಯ ಕೂಸುಗಳು. ನಡೆಯುವುದಿಲ್ಲ ಎಂದು ಕಂಡಾಗ ತಾವೇ ಕತ್ತರಿಸಿದರು. ಸ್ಥಾಪಕ ಮುಖ್ಯಸ್ಥನಾಗಿ ಉಳಿಯಬಹುದೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ಇದನ್ನು: ತಾನೇ ತೆರೆದ ಮಳಿಗೆಯೊಂದನ್ನು ಈತ ಎಂದಾದರೂ ಮುಚ್ಚಿದ್ದಾನೆಯೇ? ಆರು ಮಳಿಗೆಗಳಾಗಿವೆ ಎಂದು ಬರೆದಿದ್ದೀರಿ. ಏಳನೆಯದೊಂದನ್ನು ತೆರೆದು ಮುಚ್ಚಿದ್ದೀರೋ ಇಲ್ಲವೋ ಬರೆದಿಲ್ಲ.

ಇನ್ನೊಂದು ದಾರಿ ಜಾರಾ ಬಟ್ಟೆ ಮಳಿಗೆಗಳನ್ನು ಕಟ್ಟಿದ ಅಮಾನ್ಸಿಯೋ ಒರ್ಟೆಗಾ ಅವರದು. ಸ್ಪೇನಿನ ಅ ಕೊರುನ್ಯ ನಗರದಲ್ಲಿ ಹದಿಮೂರು ಹದಿನಾಲ್ಕರ ವಯಸ್ಸಿಗೇ ಅಂಗಿ ಅಂಗಡಿಯ ಆಳಾಗಿ ಸೇರಿದ ಮನುಷ್ಯ. 1963ರಲ್ಲಿ ಮನೆಯಲ್ಲಿ ಉಡುವ ಗೌನುಗಳನ್ನು ಹೊಲಿಯುವ ಸಣ್ಣ ಕಾರ್ಖಾನೆ, 1975ರಲ್ಲಿ ಮೊದಲ ಜಾರಾ ಮಳಿಗೆ. ಲೆಕ್ಕ, ಕಾನೂನು, ಷೇರುಪೇಟೆ ಇವು ತಮ್ಮ ಕ್ಷೇತ್ರವಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಕೆಲಸಕ್ಕೆ ಹೋಸೆ ಮರಿಯಾ ಕಾಸ್ತೆಯಾನೊ ಅವರನ್ನು ಜೊತೆಗಿಟ್ಟುಕೊಂಡರು. 2001ರಲ್ಲಿ ಕಂಪನಿ ಷೇರುಪೇಟೆಗೆ ಬಂತು. 2005ರಲ್ಲಿ ಸಿಇಒ ಆಗಿ ಬಂದ ಪಾಬ್ಲೊ ಇಸ್ಲಾ ಅಂತೂ ಕಾನೂನು ಓದಿದವರು, ಅದಕ್ಕೆ ಮೊದಲು ತಂಬಾಕು ಕಂಪನಿಯೊಂದನ್ನು ನಡೆಸುತ್ತಿದ್ದವರು. ಅವರು ಬಟ್ಟೆಯ ಮನುಷ್ಯರಲ್ಲ. ಅಷ್ಟಾಗಿಯೂ ಅವರ ಕಾಲದಲ್ಲಿ ಕಂಪನಿ ಬಹಳ ಬೆಳೆಯಿತು. ಏಕೆಂದರೆ ಬಟ್ಟೆಯ ಕಡೆಯನ್ನು ನೋಡಲು ಒರ್ಟೆಗಾ ಇದ್ದರು. ಕುರ್ಚಿ ಬಿಟ್ಟ ಮೇಲೂ ವಿನ್ಯಾಸಕರು, ಖರೀದಿಯವರು ಕೂರುವ ಮೇಜುಗಳ ನಡುವೆ ಕೂತು ಯಾವ ಬಟ್ಟೆ ಓಡುತ್ತಿದೆ, ಯಾವುದು ನಿಂತಿದೆ ಎಂದು ಕೇಳುತ್ತಿದ್ದ ಮನುಷ್ಯ. ಜೊತೆಗೆ ಶೇ 59ರಷ್ಟು ಷೇರು ಅವರ ಕೈಯಲ್ಲೇ ಇತ್ತು. ಹುದ್ದೆ ಬಿಟ್ಟವರು ಹಿಡಿತ ಬಿಡಲಿಲ್ಲ.

ನಿಮಗೆ ನಾನು ಸೂಚಿಸುವುದು ಇವೆರಡರಲ್ಲಿ ಒರ್ಟೆಗಾ ಅವರ ದಾರಿಗೆ ಹತ್ತಿರವಾದದ್ದು. ಅದಕ್ಕೆ ಮುನ್ನ ನಮ್ಮ ನೆಲದ ಉದಾಹರಣೆಯೊಂದನ್ನು ಹೇಳಲೇಬೇಕು. ನಿಮ್ಮ ಪತ್ರ ಓದುವಾಗ ನನಗೆ ಭಯವಾದದ್ದು ಅದನ್ನು ನೆನೆದು.

ಕಿಶೋರ್ ಬಿಯಾನಿ 1987ರಲ್ಲಿ ಪ್ಯಾಂಟು ಹೊಲಿಯುವ ಕಂಪನಿ ಕಟ್ಟಿದರು. 1997ರಲ್ಲಿ ಕೋಲ್ಕತ್ತದ ಗರಿಯಾಹಾಟ್‌ನಲ್ಲಿ ಪ್ಯಾಂಟಲೂನ್ಸ್ ಎಂಬ ದೊಡ್ಡ ಮಳಿಗೆ. 2001ರಲ್ಲಿ ಬಿಗ್ ಬಜಾರ್ ಆರಂಭ. ಮೊದಲ ಮೂರು ಮಳಿಗೆಗಳಲ್ಲಿ ಒಂದು ಬೆಂಗಳೂರಿನದು. 2004ರಲ್ಲಿ ರೆಸಿಡೆನ್ಸಿ ರಸ್ತೆಯಲ್ಲಿ, ಹಳೆಯ ವಿಕ್ಟೋರಿಯಾ ಹೋಟೆಲಿದ್ದ ಜಾಗದಲ್ಲಿ, ದೇಶದ ಮೊದಲ ಸೆಂಟ್ರಲ್ ಮಳಿಗೆ ಎದ್ದಿತು. ಭಾರತದ ಗ್ರಾಹಕ ಹೇಗೆ ಕೊಳ್ಳುತ್ತಾನೆ ಎಂಬುದನ್ನು ಬಿಯಾನಿಯವರಷ್ಟು ಹತ್ತಿರದಿಂದ ಕಂಡ ವ್ಯಾಪಾರಿ ಅವರ ಪೀಳಿಗೆಯಲ್ಲಿ ಇನ್ನೊಬ್ಬರಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಸಂತೆಯ ಗದ್ದಲವೇ ನಮ್ಮವರಿಗೆ ಧೈರ್ಯ ಕೊಡುತ್ತದೆ, ನುಣ್ಣಗಿನ ಖಾಲಿ ಮಳಿಗೆ ಹೆದರಿಸುತ್ತದೆ ಎಂದು ಅರಿತು ಅದಕ್ಕೆ ತಕ್ಕಂತೆ ಅಂಗಡಿ ಕಟ್ಟಿದವರು ಅವರು. ಅಂಥವರೂ 2012ರಲ್ಲಿ ಸಾಲದ ಹೊರೆ ಇಳಿಸಿಕೊಳ್ಳಲು ತಮ್ಮ ಮೊದಲ ಕೂಸಾದ ಪ್ಯಾಂಟಲೂನ್ಸನ್ನು ಆದಿತ್ಯ ಬಿರ್ಲಾ ಸಮೂಹಕ್ಕೆ ಬಿಟ್ಟುಕೊಡಬೇಕಾಯಿತು. 1,600 ಕೋಟಿ ರೂಪಾಯಿಯ ವ್ಯವಹಾರ ಅದು. 2020ರಲ್ಲಿ ಕೋವಿಡ್ ಬಂದು ಮಳಿಗೆಗಳು ಮುಚ್ಚಿದಾಗ ಸಾಲ ಮತ್ತೆ ಕುತ್ತಿಗೆಗೆ ಬಂತು. ರಿಲಯನ್ಸ್‌ಗೆ 24,713 ಕೋಟಿಗೆ ಮಾರುವ ಒಪ್ಪಂದವಾಯಿತು, ಅಮೆಜಾನ್ ತಕರಾರು ತೆಗೆಯಿತು, ವ್ಯಾಜ್ಯ ಸಿಂಗಪುರದ ಮಧ್ಯಸ್ಥಿಕೆ ಪಂಚಾಯ್ತಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಒಪ್ಪದೆ ಆ ಒಪ್ಪಂದ ಮುರಿಯಿತು. ಜುಲೈನಲ್ಲಿ, ಬಿಗ್ ಬಜಾರ್ ನಡೆಸುತ್ತಿದ್ದ ಅವರ ಕಂಪನಿ ಫ್ಯೂಚರ್ ರಿಟೇಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಗ್ರಾಹಕನನ್ನು ಓದುವುದರಲ್ಲಿ ಎಡವಿ ಬಂದ ಸ್ಥಿತಿಯಲ್ಲ ಇದು. ಸಾಲದ ಮೇಲೆ ಹಬ್ಬಿದ ಮಳಿಗೆಗಳಿಗೆ, ವ್ಯಾಪಾರ ನಿಂತ ತಿಂಗಳುಗಳಲ್ಲಿ ಉಸಿರು ಹಿಡಿದುಕೊಳ್ಳುವ ಶಕ್ತಿ ಇರಲಿಲ್ಲ.

ಈಗ ನಿಮ್ಮ ಪತ್ರಕ್ಕೆ ಬರೋಣ. ಅದರಲ್ಲಿ ಮಳಿಗೆಗಳ ಸಂಖ್ಯೆ ಇದೆ, ವಹಿವಾಟು ಇದೆ, ಹೂಡಿಕೆಯ ಮೊತ್ತ ಇದೆ. ಸ್ಟಾಕ್ ಎಷ್ಟಿದೆ ಎಂಬುದೊಂದೇ ಇಲ್ಲ. ಬಟ್ಟೆ ವ್ಯಾಪಾರಿಗಳ ಪತ್ರಗಳಲ್ಲಿ ಹೆಚ್ಚಾಗಿ ಇರುವುದಿಲ್ಲ.

ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. 20 ಕೋಟಿ ಮಾರಾಟದಲ್ಲಿ ಮಾಲಿನ ಅಸಲು 14 ಕೋಟಿ. ಆರೂ ಮಳಿಗೆ ಮತ್ತು ಗೋದಾಮು ಸೇರಿ ಅಸಲು ಬೆಲೆಯಲ್ಲಿ ಮೂರೂವರೆ ಕೋಟಿಯ ಮಾಲಿದ್ದರೆ, ಅದು ವರ್ಷಕ್ಕೆ ನಾಲ್ಕು ಸಲ ತಿರುಗುತ್ತಿದೆ ಎಂದರ್ಥ. ಅದು ಆರೋಗ್ಯದ ಲಕ್ಷಣ. ಏಳು ಕೋಟಿಯ ಮಾಲಿದ್ದರೆ ತಿರುಗುವುದು ಎರಡೇ ಸಲ. ಹೆಚ್ಚುವರಿ ಮೂರೂವರೆ ಕೋಟಿ ಕಪಾಟಿನಲ್ಲಿ ಮಲಗಿದೆ. ಶೇ 11ರ ಬಡ್ಡಿ ಹಿಡಿದರೆ ವರ್ಷಕ್ಕೆ ಮೂವತ್ತೆಂಟೂವರೆ ಲಕ್ಷ ರೂಪಾಯಿ ಸುಮ್ಮನೆ ಸೋರುತ್ತಿದೆ.

ಅದೇ ಲೆಕ್ಕವನ್ನು ಹೂಡಿಕೆದಾರರ ಯೋಜನೆಗೆ ಹಚ್ಚಿ ನೋಡಿ. ಇನ್ನೂ 14 ಮಳಿಗೆ ಬೇಕು. ಮಾಲು ನಾಲ್ಕು ಸಲ ತಿರುಗುವ ಒಳ್ಳೆಯ ಸ್ಥಿತಿಯಲ್ಲೂ ಮಳಿಗೆಗೆ ಸರಾಸರಿ 58 ಲಕ್ಷದ ಮಾಲು ಬೇಕು. ಹದಿನಾಲ್ಕಕ್ಕೆ 8 ಕೋಟಿ ಮೀರುತ್ತದೆ. ಎರಡೇ ಸಲ ತಿರುಗುತ್ತಿದ್ದರೆ 16 ಕೋಟಿ. ಅವರು ಕೊಡುವುದು 5 ಕೋಟಿ. ಕಟ್ಟಡದ ಅಡ್ವಾನ್ಸು, ಕಪಾಟು, ದೀಪ, ಎಸಿ, ಬೋರ್ಡು ಇವಕ್ಕೆ ಖರ್ಚು ಇನ್ನೂ ಶುರುವೇ ಆಗಿಲ್ಲ. ಉಳಿದ ಹಣ ಬ್ಯಾಂಕಿನಿಂದ ಬರಬೇಕು, ಇಲ್ಲವೇ ಸೂರತ್, ತಿರುಪ್ಪೂರು, ಬಳ್ಳಾರಿಯ ಪಾರ್ಟಿಗಳ ಉದ್ದರಿಯಿಂದ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ತಯಾರಕರಿಗೆ ಕರಾರಿದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡ ಮಾಡಿ ವರ್ಷ ದಾಟಿಸಿದರೆ ಹಣ ಕೊಟ್ಟ ವರ್ಷದಲ್ಲಷ್ಟೇ ಅದು ನಿಮ್ಮ ಖರ್ಚೆಂದು ಆದಾಯ ತೆರಿಗೆಯ ಲೆಕ್ಕಕ್ಕೆ ಸಿಗುತ್ತದೆ. ಹಾಗಾಗಿ ಉದ್ದರಿಯ ಹಳೆಯ ಆಟ ಈಗ ಅಷ್ಟು ಸಲೀಸಲ್ಲ. ಸಿಇಒ ಯಾರಾಗಬೇಕು ಎಂಬ ಚರ್ಚೆಯಲ್ಲಿ ನೀವು ಮುಳುಗಿರುವಾಗ, ಇಪ್ಪತ್ತು ಮಳಿಗೆಯ ಸಾಲಕ್ಕೆ ಖಾತರಿದಾರರಾಗಿ ಸಹಿ ಹಾಕುವವರು ನೀವೂ ನಿಮ್ಮ ಪತ್ನಿಯೂ ಆಗಿರುತ್ತೀರಿ.

ಸ್ಟಾಕ್ ಏಕೆ ಮಲಗುತ್ತದೆ ಎಂಬುದನ್ನು ಒಂದು ಶರ್ಟಿನಲ್ಲೇ ನೋಡಬಹುದು. ಒಂದು ಡಿಸೈನಿನ ಸೆಟ್ಟಿನಲ್ಲಿ ಆರು ಪೀಸು: 38ರ ಅಳತೆ ಒಂದು, 40 ಎರಡು, 42 ಎರಡು, 44 ಒಂದು. ಅಸಲು ತಲಾ 500, ಮಾರುವ ಬೆಲೆ 900. ಹದಿನೈದು ದಿನದಲ್ಲಿ ನಡುವಿನ ನಾಲ್ಕೂ ಹೋದವು; 3,600 ರೂಪಾಯಿ ಬಂತು. ಪುಸ್ತಕದಲ್ಲಿ 1,600 ಲಾಭ. ಆದರೆ ಸೆಟ್ಟಿಗೆ ನೀವು ಕೊಟ್ಟದ್ದು 3,000, ಆದ್ದರಿಂದ ಕೈಗೆ ಉಳಿದ ನಗದು 600 ಮಾತ್ರ. ಬಾಕಿ ಸಾವಿರ ರೂಪಾಯಿ 38 ಮತ್ತು 44ರ ರೂಪದಲ್ಲಿ ಕಪಾಟಿನಲ್ಲಿದೆ. ವ್ಯಾಪಾರದವರು ಇದನ್ನೇ ಕಟ್ ಸೈಜ್ ಎನ್ನುವುದು. ಈಗ ಹರಿಹರದಲ್ಲಿ ಅದೇ ಡಿಸೈನಿನ 44 ಕೇಳಿ ಗ್ರಾಹಕರು ವಾಪಸ್ ಹೋಗುತ್ತಿರಬಹುದು, ಚಿತ್ರದುರ್ಗದಲ್ಲಿ ಅದು ಧೂಳು ತಿನ್ನುತ್ತಿರಬಹುದು. ಒಂದು ಅಂಗಡಿ ಇದ್ದಾಗ ಇದನ್ನೆಲ್ಲ ಮಾಲೀಕ ಕಣ್ಣಲ್ಲೇ ಹಿಡಿಯುತ್ತಾನೆ. ಆರಕ್ಕೆ ಕಣ್ಣು ಸಾಲದು. ಇಪ್ಪತ್ತಕ್ಕೆ, ಪ್ರತಿ ಸೋಮವಾರ ಕಟ್ ಸೈಜುಗಳನ್ನು ಒಂದು ಮಳಿಗೆಯಿಂದ ಇನ್ನೊಂದಕ್ಕೆ ಸಾಗಿಸುವ ಶಿಸ್ತಿನ ಏರ್ಪಾಡು ಇಲ್ಲದಿದ್ದರೆ, ಹೊಸ ಮಳಿಗೆ ಎಂದರೆ ಹಳೆಯ ಮಾಲಿಗೆ ಹೊಸ ಗೋದಾಮು, ಅಷ್ಟೆ.

ಇದರ ಮೇಲೆ ಸ್ಥಾಪಕರಿಗೇ ಅಂಟಿದ ಒಂದು ಚಾಳಿ ಇದೆ. ತಾನೇ ಆರಿಸಿ ತಂದ ಮಾಲಿನ ಮೇಲೆ ಬೆಲೆ ಇಳಿಸಲು ಮನಸ್ಸು ಬರುವುದಿಲ್ಲ. ಆಷಾಢದ ರಿಯಾಯಿತಿಗೆ ಹಾಕೋಣ ಎಂದರೆ, ‘ಇರಲಿ, ಶ್ರಾವಣದಲ್ಲಿ ಹೋಗುತ್ತದೆ’. ಶ್ರಾವಣ ಮುಗಿದರೆ ಗೌರಿ ಹಬ್ಬ. ಆಮೇಲೆ ದೀಪಾವಳಿ ಇದ್ದೇ ಇದೆ. ಮರುವರ್ಷದ ಯುಗಾದಿಯ ಹೊತ್ತಿಗೆ ಮಡಿಕೆಯ ಗೆರೆಯಲ್ಲಿ ಬಣ್ಣ ಮಾಸಿರುತ್ತದೆ. ಸಂಬಳಕ್ಕೆ ಬಂದವನಿಗೆ ಈ ಮೋಹವಿಲ್ಲ. ಹೊರಗಿನವರಿಂದ ಆಗುವ ನಿಜವಾದ ಉಪಕಾರ ಇದೇ.

ಹಾಗಿದ್ದರೆ ಸಿಇಒ ಬಂದರೆ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಬೆಂಗಳೂರಿನ ಮಾಲ್‌ಗಳಲ್ಲಿ ಪಳಗಿದ ಮುಖ್ಯಸ್ಥ ದಾವಣಗೆರೆಗೆ ಬಂದರೆ ಮೊದಲು ಎಡವುವುದು ಮದುವೆ ಜವಳಿಯಲ್ಲಿ. ನಿಮ್ಮ ಮಳಿಗೆಗೆ ಜವಳಿ ತೆಗೆಯಲು ಹನ್ನೆರಡು ಜನ ಬರುತ್ತಾರೆ, ಮೂರು ಗಂಟೆ ಕೂರುತ್ತಾರೆ. ಹಣ ಕೊಡುವವರು ಒಬ್ಬರು, ಉಡುವವರು ಇನ್ನೊಬ್ಬರು, ಮೂಲೆಯಲ್ಲಿ ಸುಮ್ಮನೆ ಕುಳಿತ ಸೋದರತ್ತೆ ತಲೆಯಾಡಿಸುವವರೆಗೆ ಒಂದು ಬಟ್ಟೆಯೂ ಅಂತಿಮವಾಗುವುದಿಲ್ಲ. ಆ ಸೋದರತ್ತೆಯನ್ನು ಮೊದಲ ಐದು ನಿಮಿಷದಲ್ಲಿ ಗುರುತಿಸಿ ಅವರ ಮುಂದೆ ಮೊದಲ ಚಹಾ ಇಡಿಸುವುದು ನಿಮಗೆ ಗೊತ್ತಿದೆ. ಪ್ರತಿ ಚದರ ಅಡಿಗೆ ಎಷ್ಟು ಮಾರಾಟ ಎಂದು ಲೆಕ್ಕ ಹಾಕುವ ಕಣ್ಣಿಗೆ ಆ ಗಾದಿ ಹಾಸಿದ ಜಾಗ ದಂಡವಾಗಿ ಕಾಣುತ್ತದೆ. ಅಲ್ಲಿ ಕಪಾಟು ಇಡಿಸುತ್ತಾರೆ. ಆದ್ದರಿಂದಲೇ ಬಟ್ಟೆ ಆರಿಸುವ ಕೆಲಸ, ಗ್ರಾಹಕರನ್ನು ಓದುವ ಕೆಲಸ ನಿಮ್ಮ ಬಳಿಯೇ ಇರಲಿ ಎನ್ನುತ್ತೇನೆ.

ಕೊಟ್ಟುಬಿಡಬೇಕಾದದ್ದು ಬೇರೆ ಎರಡು. ಮೊದಲನೆಯದು ಹಣದ ಬೀಗ. ಒಬ್ಬ ಅನುಭವಿ ಹಣಕಾಸು ಮುಖ್ಯಸ್ಥರನ್ನು ತನ್ನಿ. ಪ್ರತಿ ತಿಂಗಳ ಖರೀದಿ ಮಿತಿಯನ್ನು, ಕೈಯಲ್ಲಿರುವ ಮಾಲು ಮತ್ತು ಮುಂದಿನ ಮಾರಾಟದ ಅಂದಾಜು ನೋಡಿ, ಅವರು ನಿಗದಿ ಮಾಡಲಿ. ಯಾವ ಬಟ್ಟೆ ಎಂಬುದನ್ನು ನೀವು ಹೇಳಿ. ಎಷ್ಟು ರೂಪಾಯಿಗೆ ಎಂಬುದನ್ನು ಅವರು ಹೇಳಲಿ. ಅವರ ಸಹಿ ಇಲ್ಲದೆ ನಿಮ್ಮ ಆರ್ಡರ್ ಕೂಡ ಹೊರಡಬಾರದು. ತೊಂಬತ್ತು ದಿನ ಮೀರಿದ ಮಾಲಿಗೆ ರಿಯಾಯಿತಿ ಹಚ್ಚುವ ಅಧಿಕಾರವೂ ಅವರಿಗಿರಲಿ, ನಿಮ್ಮನ್ನು ಕೇಳದೆ. ಇದು ನಿಮಗೆ ಹಿಂಸೆಯಾಗುತ್ತದೆ, ಆಗಬೇಕು. ಎರಡನೆಯದು ಮಳಿಗೆಗಳ ದಿನನಿತ್ಯದ ಉಸ್ತುವಾರಿ: ಸಿಬ್ಬಂದಿ, ಹಾಜರಿ, ಸ್ಟಾಕ್ ಎಣಿಕೆ, ಮಾಲು ಸಾಗಣೆ. ಹೂಡಿಕೆದಾರರು ಸೂಚಿಸುವ ವೃತ್ತಿಪರರನ್ನು ಇಲ್ಲಿಗೆ ಹಾಕಿ. ಒಂದು ದಸರಾ, ಒಂದು ದೀಪಾವಳಿ, ಒಂದು ಮದುವೆ ಹಂಗಾಮು ದಾಟಿದ ಮೇಲೆ ಅವರೇ ಸಿಇಒ ಆಗಬಲ್ಲರೇ ಎಂದು ನಿಮಗೇ ತಿಳಿಯುತ್ತದೆ. ಆಗಲೂ ನೀವು ಕುರ್ಚಿ ಬಿಡದಿದ್ದರೆ ತಪ್ಪು ನಿಮ್ಮದು.

ಕಾನೂನಿನ ಮಾತು ಚಿಕ್ಕದು. ಷೇರುಪೇಟೆಯಲ್ಲಿರುವ ಕಂಪನಿಗಳು ಮತ್ತು 10 ಕೋಟಿ ಅಥವಾ ಹೆಚ್ಚಿನ ಪಾವತಿಯಾದ ಬಂಡವಾಳವಿರುವ ಪಬ್ಲಿಕ್ ಕಂಪನಿಗಳು ವ್ಯವಸ್ಥಾಪಕ ನಿರ್ದೇಶಕ ಅಥವಾ ಸಿಇಒ ಹುದ್ದೆಯನ್ನು ತುಂಬಲೇಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆ. ನಿಮ್ಮಂಥ ಪ್ರೈವೇಟ್ ಕಂಪನಿಗೆ ಆ ಕಡ್ಡಾಯವಿಲ್ಲ. ಅಂದರೆ ಸಿಇಒ ಎಂಬುದು ಇಲ್ಲಿ ಹೂಡಿಕೆ ಕರಾರಿನ ವಿಷಯ, ಚೌಕಾಸಿಗೆ ಅವಕಾಶವಿದೆ.

ಮಾತುಕತೆಗೆ ಹೋಗುವಾಗ ಮೂರು ಕಾಗದ ಒಯ್ಯಿರಿ: ಮಳಿಗೆವಾರು ಸ್ಟಾಕ್, ಅದರಲ್ಲಿ ತೊಂಬತ್ತು ದಿನ ಮೀರಿದ್ದು ಎಷ್ಟು, ಬಾಡಿಗೆ ಸಂಬಳ ಕಳೆದು ಪ್ರತಿ ಮಳಿಗೆ ಉಳಿಸುವುದು ಎಷ್ಟು. ಇಪ್ಪತ್ತರ ಬದಲು ಮೊದಲ ಹಂತಕ್ಕೆ ಹತ್ತು ಎನ್ನಿ. ಹಳೆಯ ಆರರಲ್ಲಿ ಮಾಲು ವರ್ಷಕ್ಕೆ ನಾಲ್ಕು ಸಲ ತಿರುಗಿದರೆ ಮಾತ್ರ ಎರಡನೆಯ ಹಂತ ಎಂದು ಬರೆಸಿ. ಅವರು ಒಪ್ಪದೆ ಮಳಿಗೆಯ ಸಂಖ್ಯೆಗೇ ಹಟ ಹಿಡಿದರೆ, ಬೇಗ ದೊಡ್ಡದಾಗಿ ಕಾಣಿಸಿ ಇನ್ನೊಬ್ಬರಿಗೆ ಮಾರಿ ಹೊರಡುವ ಯೋಚನೆ ಅವರದಿರಬಹುದು. ಅಂಥ ಹಣವನ್ನು ನಾನಾದರೆ ಬೇಡ ಎನ್ನುತ್ತೇನೆ.

ಕೊನೆಯದಾಗಿ ಷೇರಿನ ಪಾಲು. ಕಂಪನಿಯ ನಿಯಮಾವಳಿ ತಿದ್ದುವಂಥ ದೊಡ್ಡ ತೀರ್ಮಾನಗಳಿಗೆ ಬೇಕಾದ ವಿಶೇಷ ನಿರ್ಣಯಕ್ಕೆ ಚಲಾಯಿತ ಮತದಲ್ಲಿ ಮುಕ್ಕಾಲು ಪಾಲು ಬೇಕು. ಹೂಡಿಕೆದಾರರ ಕೈಗೆ ಶೇ 25ಕ್ಕಿಂತ ಹೆಚ್ಚು ಹೋದರೆ ಅವರೊಬ್ಬರೇ ಅದನ್ನು ತಡೆಯಬಲ್ಲರು. ಸಾಮಾನ್ಯ ನಿರ್ಣಯದಿಂದ ನಿರ್ದೇಶಕರನ್ನು ತೆಗೆಯಬಹುದು, ಅದಕ್ಕೆ ಸರಳ ಬಹುಮತ ಸಾಕು. ಆದರೆ ಕರಾರಿನ ಹಿಂಬದಿಯಲ್ಲಿ ‘ಹೂಡಿಕೆದಾರರ ಪೂರ್ವಾನುಮತಿ ಬೇಕಾದ ವಿಷಯಗಳು’ ಎಂದೊಂದು ಪಟ್ಟಿ ಇರುತ್ತದೆ. ಷೇರು ಎಷ್ಟೇ ಇದ್ದರೂ ಆ ಪಟ್ಟಿಯ ಮುಂದೆ ನೀವು ಕಟ್ಟುಬೀಳುತ್ತೀರಿ. ಖರೀದಿ ಮಿತಿ, ಮಳಿಗೆ ಮುಚ್ಚುವುದು, ನಿಮ್ಮ ಸ್ವಂತ ಆಸ್ತಿಯ ಖಾತರಿ, ಈ ಮೂರು ಆ ಪಟ್ಟಿಯಲ್ಲಿ ಇವೆಯೇ ನೋಡಿ. ನಿಮ್ಮ ಲೆಕ್ಕಪರಿಶೋಧಕರ ಜೊತೆಗೆ, ಹೂಡಿಕೆ ಕರಾರು ಓದಿ ಅಭ್ಯಾಸವಿರುವ ವಕೀಲರೊಬ್ಬರಿಗೂ ಅದನ್ನು ತೋರಿಸಿ. ನಿಮ್ಮ ಪತ್ನಿಯವರೂ ನಿರ್ದೇಶಕರೇ ಆದ್ದರಿಂದ ಆ ಭೇಟಿಗೆ ಅವರನ್ನೂ ಕರೆದೊಯ್ಯಿರಿ. ಖಾತರಿ ಪತ್ರದಲ್ಲಿ ಅವರ ಸಹಿಯೂ ಬೀಳುತ್ತದೆ.